ಉಣ್ಣೆ ಟೋಪಿಯ ಬಾಲಯೇಸು

ನಮ್ಮ ಅತ್ತಿಗೆ ಅಂಪಾರೊಗೆ ಪರದೇಶದ ಅತಿಥಿಗಳು ಹೊಸಬರಲ್ಲ. ನಮ್ಮೂರು ಚೊಲೂಲಾದ ಸ್ಪ್ಯಾನಿಷ್ ಭಾಷಾ ಶಾಲೆಯವರು ಕಳಿಸುತ್ತಾರೆ, ಅತ್ತಿಗೆ ಮಹಡಿಯ ಕೋಣೆ ಗುಡಿಸಿ ಹಾಸಿಗೆ ಹಾಸಿಡುತ್ತಾಳೆ, ಬಂದವರು ಒಂದು ತಿಂಗಳು ನಮ್ಮ ಜೊತೆ ಉಂಡು, ನಮ್ಮ ಮಾತು ಕಲಿತು, ಹೊರಡುವಾಗ ಕಣ್ಣೀರು ಹಾಕಿ ಹೋಗುತ್ತಾರೆ. ನಾನು ಅವಳ ನಾದಿನಿ, ಲೂಚಾ. ಬೆಳಗ್ಗೆ ಚರ್ಚಿನ ಮೂಲೆಯಲ್ಲಿ ಅತೋಲೆ ಮಾರುತ್ತೇನೆ. ಮೆಕ್ಕೆಜೋಳದ ಹಿಟ್ಟಿನ ಆ ಬಿಸಿ ಗಂಜಿ ಕುಡಿಯದೆ ನಮ್ಮ ಬೀದಿಯವರಿಗೆ ಬೆಳಗಾಗುವುದಿಲ್ಲ, ಹಾಗಾಗಿ ಬೀದಿಯ ಸುದ್ದಿಯೆಲ್ಲ ಮೊದಲು ನನ್ನ ಪಾತ್ರೆಯ ಹತ್ತಿರವೇ ಬರುತ್ತದೆ. ಅತಿಥಿಗಳ ವಿಷಯದಲ್ಲಿ ನನಗೆ ತಾಳ್ಮೆ ಕಡಿಮೆ. ಬಂದು ಎರಡು ದಿನವಾಗಿರುವುದಿಲ್ಲ, ನಮ್ಮೂರಿನ ಬಗ್ಗೆ ನಮಗೇ ಪಾಠ ಶುರು ಮಾಡಿರುತ್ತಾರೆ.

ಮಾರ್ಲಿಸ್ ಟೀಚರಮ್ಮ ಆ ಜಾತಿಯವರಲ್ಲ. ಅವರು ಮಾತೇ ಆಡುತ್ತಿರಲಿಲ್ಲ.

ನೆಬ್ರಾಸ್ಕಾದ ಒಂದು ಸಣ್ಣ ಊರಿನ ಹೈಸ್ಕೂಲಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಸ್ಪ್ಯಾನಿಷ್ ಕಲಿಸಿದವರು. ವಯಸ್ಸು ಐವತ್ತೆಂಟು. ಅಪ್ಪನದು ಜೋಳದ ಹೊಲ, ಹಂದಿ ಸಾಕಣೆ. ಗಂಡ ವೇನ್‌ನದು ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ. ಓದುವಾಗ ತಮ್ಮನ್ನು ಪ್ರೀತಿಯಿಂದ ಮಾತಾಡಿಸಿದ ಮೇಷ್ಟರು ಸ್ಪ್ಯಾನಿಷ್ ಮೇಷ್ಟರೊಬ್ಬರೇ ಆದ್ದರಿಂದ ಆ ಭಾಷೆ ಹಿಡಿದರಂತೆ. ಅದನ್ನು ಆಡುವ ಊರಿಗೆ ಒಮ್ಮೆ ಹೋಗಿಬರೋಣ ಎಂದುಕೊಂಡಾಗಲೆಲ್ಲ ಒಂದಲ್ಲ ಒಂದು ಅಡ್ಡಿ. ಒಂದು ವರ್ಷ ಅತ್ತೆ ಕಾಲು ಮುರಿದುಕೊಂಡರು, ಇನ್ನೊಂದು ವರ್ಷ ಮನೆಯ ಮಾಡು ಗಾಳಿಗೆ ಹಾರಿತು. ಕೊನೆಗೆ ಆ ಜನವರಿಯಲ್ಲಿ ಅವರ ಶಾಲೆಯವರೇ ರಜೆ ಕೊಟ್ಟು, ಅಲ್ಲಿನ ಜನರ ನಡುವೆ ಇದ್ದು ಬನ್ನಿ ಎಂದು ಕಳಿಸಿದರು. ನಮಗೆ ಉಡುಗೊರೆಯಾಗಿ ತಂದದ್ದೇನು ಗೊತ್ತೇ? ಅರಳು ಹುರಿಯುವ ಮೆಕ್ಕೆಜೋಳ, ಒಂದು ಡಬ್ಬಿ ತುಂಬ. ಮೂರು ಹೊತ್ತೂ ಜೋಳವನ್ನೇ ತಿನ್ನುವ ನಮಗೆ. ಅತ್ತಿಗೆ ನಗು ತಡೆದುಕೊಂಡು ಹುರಿದು ಕೊಟ್ಟಳು. ಚೆನ್ನಾಗಿಯೇ ಇತ್ತು.

ಮನುಷ್ಯರೇನೋ ಬಂಗಾರದಂಥವರು. ಯಾರೂ ಹೇಳದೆ ಪಾತ್ರೆ ತೊಳೆಯುತ್ತಿದ್ದರು. ತಟ್ಟೆಯಲ್ಲಿ ಒಂದು ಅಗುಳು ಬಿಡಬಾರದೆಂದು ಅವರಮ್ಮ ಕಲಿಸಿದ್ದರು, ಖಾಲಿ ತಟ್ಟೆ ಕಂಡರೆ ಮತ್ತೆ ಬಡಿಸಬೇಕೆಂದು ನಮ್ಮಮ್ಮ ಕಲಿಸಿದ್ದಳು. ಹೀಗಾಗಿ ಮೊದಲ ವಾರ ಪಾಪ ಎರಡೆರಡು ಆಳಿನ ಊಟ ಮಾಡಿದರು. ಬಾಯಿ ಮಾತ್ರ ಬಿಡುತ್ತಿರಲಿಲ್ಲ. ನಾವು ಏನಾದರೂ ಕೇಳಿದರೆ ಕಣ್ಣು ಮೇಲೆ ಮಾಡಿ, ತಲೆಯೊಳಗೆ ಒಂದು ವಾಕ್ಯ ಕಟ್ಟುತ್ತ ಕೂರುತ್ತಿದ್ದರು. ಅದು ಸಿದ್ಧವಾಗುವಷ್ಟರಲ್ಲಿ ನಮ್ಮ ಮಾತು ಮೂರು ಮನೆ ದಾಟಿ ಮುಂದಕ್ಕೆ ಹೋಗಿರುತ್ತಿತ್ತು. ಕೊನೆಗೆ ಹೊರಬಂದ ವಾಕ್ಯವೋ, ಪಲ್ಪಿಟ್ಟಿನ ಮೇಲಿಂದ ಬಿಷಪ್ಪರು ಓದಿದ ಹಾಗೆ. “ಈ ಸಾರು ಅತ್ಯಂತ ರುಚಿಕರವಾಗಿರುವುದು” ಎನ್ನುತ್ತಿದ್ದರು. ನನಗೆ ನಗು ತಡೆಯುವುದೇ ಕಷ್ಟ. ಅತ್ತಿಗೆ ಮೇಜಿನ ಕೆಳಗೆ ನನ್ನ ಕಾಲು ತುಳಿಯುತ್ತಿದ್ದಳು.

ಎರಡನೆಯ ವಾರದಲ್ಲಿ ಒಂದು ಮಧ್ಯಾಹ್ನ ಅತ್ತಿಗೆ ಅವರನ್ನು ಬಟಾಣಿ ಸುಲಿಯಲು ಕೂರಿಸಿಕೊಂಡಳು. ಒಂದು ಮೊರ ಬಟಾಣಿ ಮುಗಿಯುವ ಹೊತ್ತಿಗೆ, ಒಂದೊಂದೇ ಮಾತಾಗಿ, ವಿಷಯ ಹೊರಗೆ ಬಂತು. ಅವರ ಊರಿನಲ್ಲಿ ಒಂದು ಮಾಂಸದ ಕಾರ್ಖಾನೆ ಇದೆ, ಅದರಲ್ಲಿ ದುಡಿಯಲು ನಮ್ಮ ದೇಶದ ಎಷ್ಟೋ ಸಂಸಾರಗಳು ಹೋಗಿವೆ. ನಿಕೊಲಾಸಾ ಎಂಬ ಒಬ್ಬ ತಾಯಿ ಮೂರು ಸಲ ಶಾಲೆಗೆ ಬಂದು, ನನ್ನ ಮಾತು ಬಲ್ಲ ಟೀಚರನ್ನು ಕರೆಯಿರಿ ಎಂದು ಕಚೇರಿಯಲ್ಲಿ ಕಾದು ಕೂತಿದ್ದಳಂತೆ. ಮೂರು ಸಲವೂ ಟೀಚರಮ್ಮ ಕಾಗದ, ಬಣ್ಣದ ಡಬ್ಬಿ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ನಿಂತಿದ್ದರಂತೆ. ಅವಳು ಕೇಳಿದ್ದು ಅರ್ಥವಾಗದಿದ್ದರೆ, ತಾವು ಉತ್ತರ ಹೇಳಲಾಗದೆ ತೊದಲಿದರೆ, ಇಷ್ಟು ವರ್ಷ ಕಲಿಸಿದ್ದಕ್ಕೆ ಏನರ್ಥ ಎಂಬ ಹೆದರಿಕೆ.

“ಇಲ್ಲಿಂದ ಹೊರಡುವುದರೊಳಗೆ ನನ್ನ ಬಾಯಿ ತೆರೆಯದಿದ್ದಲ್ಲಿ, ಈ ವರ್ಷಾಂತ್ಯಕ್ಕೆ ನಾನು ಈ ವೃತ್ತಿಯನ್ನು ತ್ಯಜಿಸುವೆನು” ಎಂದರು.

ನಾನು ಆಗ ನಗಲಿಲ್ಲ. ಕೆಲಸ ಬಿಟ್ಟರೆ ಅವರಲ್ಲಿ ಉಳಿಯುವುದು ಏನೂ ಇಲ್ಲವೆಂಬುದು ಮುಖ ನೋಡಿದರೆ ತಿಳಿಯುತ್ತಿತ್ತು. ಅತ್ತಿಗೆ ಸಿಪ್ಪೆ ಗುಡಿಸುತ್ತ, ಎಲ್ಲ ಸರಿಹೋಗತ್ತೆ ಎಂದಳು. ಅವಳಿಗೂ ನಂಬಿಕೆ ಇರಲಿಲ್ಲ.

ಇಷ್ಟರಲ್ಲಿ ಚಾಯೋಳ ಬ್ರೆಡ್ಡಿನ ಬುಟ್ಟಿ ಬೀದಿಗೆ ಇಳಿಯಿತು.

ಚಾಯೋ ನಮ್ಮ ಮನೆಯಿಂದ ಮೂರನೇ ಮನೆಯವಳು, ಅವಳ ಗಂಡನದು ಬೇಕರಿ. ಎಲ್ಲ ಮನೆಯಲ್ಲಿರುವ ಹಾಗೆ ಅವಳ ಮನೆಯಲ್ಲೂ ಬಾಲಯೇಸುವಿನ ಒಂದು ಬೊಂಬೆ ಇದೆ, ಅಜ್ಜಿಯ ಕಾಲದ್ದು, ಗಾಜಿನ ಕಣ್ಣಿನದು, ಹರಸಲು ಬಲಗೈ ಎತ್ತಿ ಮಲಗಿರುವುದು. ಬಾಲಯೇಸುವಿಗೆ ಜ್ಞಾನತಾಯಿ ಒಬ್ಬಳು ಬೇಕೇ ಬೇಕು. ಫೆಬ್ರವರಿ ಎರಡರ ಕಂದೆಲಾರಿಯಾ ಹಬ್ಬಕ್ಕೆ ಹೊಸ ಬಟ್ಟೆ ಉಡಿಸಿ, ಚರ್ಚಿಗೆ ಒಯ್ದು ಆಶೀರ್ವಾದ ಮಾಡಿಸಿ ತರುವವಳು ಅವಳೇ. ಒಪ್ಪಿಕೊಂಡರೆ ಮೂರು ವರ್ಷದ ಹೊಣೆ. ಬೇರೆ ಮನೆಯವರು ಕೇಳಿದರೆ ಜನ ಹೆಮ್ಮೆಯಿಂದ ಒಪ್ಪುತ್ತಾರೆ. ಆದರೆ ಚಾಯೋಳನ್ನು ಮೆಚ್ಚಿಸುವವರು ಇನ್ನೂ ಹುಟ್ಟಿಲ್ಲ. ಒಬ್ಬಳ ಕಸೂತಿ ಅಗ್ಗದ್ದು, ಇನ್ನೊಬ್ಬಳು ತಂದ ಚಪ್ಪಲಿ ದೊಡ್ಡದು, ಅದನ್ನು ವರ್ಷಪೂರ್ತಿ ಬೀದಿಗೆಲ್ಲ ಹೇಳಿಕೊಂಡು ಬರುತ್ತಾಳೆ. ಹಿಂದಿನ ಜ್ಞಾನತಾಯಿ ಪ್ವೆಬ್ಲಾದ ತಂಗಿ ಮನೆಗೆ ಹೋದವಳು ಫೋನೇ ಎತ್ತುತ್ತಿರಲಿಲ್ಲ.

ಜ್ಞಾನತಾಯಿಯಾಗಿ ಎಂದು ನಮ್ಮಲ್ಲಿ ನೇರವಾಗಿ ಕೇಳುವುದಿಲ್ಲ. ಬುಟ್ಟಿ ತುಂಬ ಬ್ರೆಡ್ಡು ತಂದು ಮುಂದಿಟ್ಟು, ನಮ್ಮ ಬೆಂಕಿಬೆಟ್ಟ ಡಾನ್ ಗೋಯೊ ಇವತ್ತು ಎಷ್ಟು ಹೊಗೆ ಬಿಟ್ಟ, ಈರುಳ್ಳಿ ಎಷ್ಟು ಬೆಲೆಯಾಯಿತು ಎಂದು ಮಾತಾಡುತ್ತ ಕೂರುತ್ತಾರೆ. ಬ್ರೆಡ್ಡು ಮುರಿದು ಬಾಯಿಗಿಟ್ಟರೆ ಒಪ್ಪಿದ ಹಾಗೆ. ಬೇಡವಾದವರು ಹೊಟ್ಟೆ ಸರಿಯಿಲ್ಲ ಎಂದು ಕೈಮುಗಿಯುತ್ತಾರೆ. ಆ ವಾರ ನಮ್ಮ ಬೀದಿಯ ಹೆಂಗಸರಿಗೆಲ್ಲ ಒಟ್ಟಿಗೇ ಹೊಟ್ಟೆ ಕೆಟ್ಟಿತ್ತು.

ಚಾಯೋ ನಮ್ಮ ಮನೆಗೆ ಬಂದಾಗ ಅತ್ತಿಗೆ ಮಾರ್ಕೆಟ್ಟಿಗೆ ಹೋಗಿದ್ದಳು, ನಾನು ಅತೋಲೆಯ ಮುಂದಿದ್ದೆ. ಬಾಗಿಲು ತೆರೆದವರು ಟೀಚರಮ್ಮ. ಚಾಯೋಳ ಮಾತಿನ ಓಟ ನಮಗೇ ಹಿಡಿಯುವುದಿಲ್ಲ, ಅವರಿಗೆ ಹೇಗೆ ಹಿಡಿದೀತು? ಎಲ್ಲದಕ್ಕೂ ಹೌದು ಎಂದರು. ನೆಬ್ರಾಸ್ಕಾದಲ್ಲಿ ನೆರೆಯವರು ಬೇಯಿಸಿ ತಂದದ್ದನ್ನು ಅವರ ಎದುರೇ ತಿಂದು ಹೊಗಳದಿದ್ದರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲವಂತೆ. ಒಂದು ತಿಂದರು, ಹೊಗಳಿದರು. ಚಾಯೋ ಕಣ್ಣರಳಿಸಿ ನೋಡಿದಳಂತೆ. ಸಾಲದೆಂದುಕೊಂಡು ಇನ್ನೊಂದು ತಿಂದರು.

ನಾವು ಬಂದಾಗ ಅವರ ಮುಖ ಬೆಳಗುತ್ತಿತ್ತು. “ನೆರೆಮನೆಯ ಮಹಿಳೆಯು ಬ್ರೆಡ್ಡನ್ನು ತಂದಿದ್ದಳು. ನಾವು ಸಂಭಾಷಿಸಿದೆವು” ಎಂದರು. ಅತ್ತಿಗೆ ಬುಟ್ಟಿ ನೋಡಿ, ಕೈಚೀಲ ಕೆಳಗಿಟ್ಟು ಕುರ್ಚಿಯ ಮೇಲೆ ಕುಸಿದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ, ಸುಳ್ಳು ಯಾಕೆ ಹೇಳಲಿ. ವಿಷಯ ಬಿಡಿಸಿ ಹೇಳಿದ ಮೇಲೆ ಟೀಚರಮ್ಮನ ಮುಖ ಸುಣ್ಣವಾಯಿತು. ಮೂರು ವರ್ಷ ಬರಬೇಕಾದ್ದಕ್ಕಲ್ಲ, ಬಟ್ಟೆಯ ಖರ್ಚಿಗೂ ಅಲ್ಲ. ಚರ್ಚಿನಿಂದ ಬಂದ ಮೇಲೆ ಮಗುವನ್ನು ಮನೆಯವರ ಕೈಗೆ ಕೊಡುವಾಗ ಎಲ್ಲರೆದುರು ನಾಲ್ಕು ಮಾತು ಆಡಬೇಕೆಂದು ನಾನು ಬಾಯಿತಪ್ಪಿ ಹೇಳಿದ್ದೆ, ಅದಕ್ಕೆ.

ಅತ್ತಿಗೆ, ನಾನು ಹೋಗಿ ಚಾಯೋಗೆ ತಿಳಿಸಿ ಹೇಳ್ತೀನಿ, ಪರದೇಶದವರು, ಗೊತ್ತಿರಲಿಲ್ಲ ಅಂತ, ಎಂದಳು. ಟೀಚರಮ್ಮ ಬುಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.

“ಬೇಡ. ನಾನು ತಿಂದಿದ್ದೇನೆ” ಎಂದರು.

ಮಾರನೆಯ ದಿನದಿಂದ ಬೀದಿಯಲ್ಲಿ ಎಲ್ಲರ ಹೊಟ್ಟೆಯೂ ವಾಸಿಯಾಯಿತು. ನನ್ನ ಪಾತ್ರೆಯ ಹತ್ತಿರ ಅದೇ ಮಾತು. ಪರದೇಶದ ಜ್ಞಾನತಾಯಿಗೆ ಚಾಯೋ ಬೈದರೂ ಅರ್ಥವಾಗುವುದಿಲ್ಲ, ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದಿಲ್ಲ ಎಂದು ಕಟುಕನ ಹೆಂಡತಿ ಹೇಳಿದ್ದಕ್ಕೆ ನಾನೂ ನಕ್ಕೆ. ಆಮೇಲೆ ಟೀಚರಮ್ಮನನ್ನು ಮಾರ್ಕೆಟ್ಟಿಗೆ ಕರೆದುಕೊಂಡು ಹೋದೆ. ಬಾಲಯೇಸುವಿನ ಬಟ್ಟೆಯ ಅಂಗಡಿಗಳು ಸಾಲುಸಾಲಾಗಿ ಇದ್ದವು, ಸ್ಯಾಟಿನ್ನು, ಜರಿ, ಕೊಕ್ಕರೆ ಗರಿ. ಮೊದಲ ವರ್ಷ ಬಿಳಿಯೇ ಆಗಬೇಕು ಎಂದು ಎರಡೆರಡು ಸಲ ಹೇಳಿದೆ. ಎಲ್ಲವನ್ನೂ ಮುಟ್ಟಿ ನೋಡಿದರು, ಬೆರಳಿನ ನಡುವೆ ಬಟ್ಟೆ ಉಜ್ಜಿ ನೋಡಿದರು, ಒಂದನ್ನೂ ಕೊಳ್ಳಲಿಲ್ಲ. ತಾವೇ ಮಾಡುವುದಾಗಿ ಹೇಳಿದರು. ಕಸೂತಿ ಬಲ್ಲವರಿರಬೇಕು, ಚಾಯೋಳ ಬಾಯಿ ಮುಚ್ಚಿಸುತ್ತಾರೆ ಎಂದುಕೊಂಡೆ. ಆಮೇಲೆ ಅತ್ತಿಗೆಗೆ ಹಬ್ಬದ ತಮಾಲೆ ಕಡುಬಿನ ಕೆಲಸ, ನನಗೆ ನನ್ನ ವ್ಯಾಪಾರ. ಮಹಡಿಯ ಕೋಣೆಯಲ್ಲಿ ಏನು ನಡೆಯುತ್ತಿದೆ ಎಂದು ಇಬ್ಬರೂ ಹೋಗಿ ನೋಡಲಿಲ್ಲ.

ಹಬ್ಬದ ಬೆಳಗ್ಗೆ ಚಳಿಯಿತ್ತು. ಚರ್ಚಿನ ಅಂಗಳದಲ್ಲಿ ಬೀದಿಗೆ ಬೀದಿಯೇ ಬುಟ್ಟಿಗಳಲ್ಲಿ, ತೋಳುಗಳಲ್ಲಿ ಬಾಲಯೇಸುಗಳನ್ನು ಹಿಡಿದು ಸಾಲು ನಿಂತಿತ್ತು. ಟೀಚರಮ್ಮ ಚಾಯೋ ಕಳಿಸಿಕೊಟ್ಟಿದ್ದ ಮಗುವನ್ನು ಅತ್ತಿಗೆಯ ಶಾಲಿನಲ್ಲಿ ಮುಚ್ಚಿಕೊಂಡು ಎದೆಗೆ ಒತ್ತಿ ಹಿಡಿದಿದ್ದರು. ಬಿಡುವಿಲ್ಲದೆ ತುಟಿ ಅಲ್ಲಾಡುತ್ತಿತ್ತು, ಆ ನಾಲ್ಕು ಮಾತು ಬಾಯಿಪಾಠ ಮಾಡುತ್ತಿದ್ದರು. ಚಾಯೋ ಹೊಸ ಲಂಗ ತೊಟ್ಟು ಬಂದವಳು, ನನ್ನ ಮಗುವಿನ ಮುಖ ತೋರಿಸಿ ಎಂದು ಶಾಲು ಸರಿಸಿದಳು.

ಒಳಗಿದ್ದದ್ದು ಬಿಳಿಯೇ. ಬಿಳಿ ಉಣ್ಣೆ. ಹೆಣೆದ ಸ್ವೆಟರು, ಹೆಣೆದ ಚಡ್ಡಿ, ಕಾಲುಚೀಲ, ಕುತ್ತಿಗೆಗೆ ಮಫ್ಲರು, ಕಿವಿ ಮುಚ್ಚುವ ಟೋಪಿ, ಅದರ ಮೇಲೆ ಒಂದು ಉಣ್ಣೆಯ ಗೊಂಡೆ. ಎರಡು ಕೈಗೂ ಬೆರಳು ಕಾಣದ ಹಾಗೆ ಚೀಲದಂಥ ಕೈಗವಸು. ಗಾಜಿನ ಕಣ್ಣೆರಡು ಬಿಟ್ಟರೆ ಬಾಲಯೇಸು ಎನ್ನಲಿಕ್ಕೆ ಏನೂ ಕಾಣುತ್ತಿರಲಿಲ್ಲ.

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅತ್ತಿಗೆ ಶಿಲುಬೆಯ ಗುರುತು ಹಾಕಿಕೊಂಡಳು.

“ಏನಿದು? ಅಲಂಕಾರ ಮಾಡಿ ತನ್ನಿ ಅಂದ್ರೆ ಕುರಿಮರಿ ಮಾಡಿ ತಂದಿದೀರಲ್ಲ” ಎಂದಳು ಚಾಯೋ. ಆಮೇಲೆ ಕೈಗವಸು ಕಣ್ಣಿಗೆ ಬಿತ್ತು. ಮರ್ಯಾದೆಯ ಮಾತು ಅಲ್ಲಿಗೆ ಮುಗಿಯಿತು. “ಅಯ್ಯೋ, ಹರಸೋ ಕೈಗೇ ಚೀಲ ಕಟ್ಟಿದೀಯಲ್ಲೇ. ನಮ್ಮನ್ನ ಇನ್ಯಾರು ಹರಸಬೇಕು? ತೆಗಿ ಅದನ್ನ.”

ಚಾಯೋ ಎಳೆಯಲು ಕೈ ಚಾಚಿದಳು. ಟೀಚರಮ್ಮ ಒಂದು ಹೆಜ್ಜೆ ಹಿಂದೆ ಸರಿದು ಮಗುವನ್ನು ಇನ್ನೊಂದು ಭುಜಕ್ಕೆ ಹಾಕಿಕೊಂಡರು. ಕಣ್ಣು ಮೇಲೆ ಮಾಡಲಿಲ್ಲ, ವಾಕ್ಯ ಕಟ್ಟಲಿಲ್ಲ.

“ತೆಗೆಯಲ್ಲ” ಎಂದರು. “ಫೆಬ್ರವರೀಲಿ ಕೂಸನ್ನ ಬರೀ ತಲೇಲಿ ಹೊರಗೆ ತರ್ತಾರೇನ್ರೀ? ನಮ್ಮೂರಲ್ಲಿ ಈಗ ಉಗುಳಿದ್ರೆ ನೆಲಕ್ಕೆ ಬೀಳೋದ್ರೊಳಗೆ ಗಟ್ಟಿಯಾಗತ್ತೆ. ಅಲ್ಲಿಗೆ ನಿಮ್ಮ ಕಡೆಯ ಹೆಂಗಸ್ರೇ ಬಂದಿದಾರೆ. ಬೆಳಗ್ಗೆ ಶಾಲೆ ಗೇಟ್ ಹತ್ರ ತೆಳ್ಳಗಿನ ಸ್ವೆಟರ್ ಹಾಕ್ಕೊಂಡು, ಕೂಸನ್ನ ಶಾಲಲ್ಲಿ ಸುತ್ಕೊಂಡು ನಿಂತಿರ್ತಾರೆ. ಕೂಸಿನ ಬೆರಳು ನೀಲಿ ಆಗಿರತ್ತೆ. ದಿನಾ ನೋಡ್ತೀನಿ ನಾನು. ಒಳಗೆ ಬನ್ನಿ, ಬೆಚ್ಚಗಿದೆ ಅಂತ ಒಂದು ಮಾತು ಹೇಳಲಿಲ್ಲ. ತಪ್ಪಾಗಿ ಹೇಳಿಬಿಟ್ರೆ ಅಂತ ತಲೆ ಬಗ್ಗಿಸ್ಕೊಂಡು ಒಳಗೆ ಹೋಗ್ತಿದ್ದೆ. ಈ ಕೂಸಿನ ಕೈಯಾದ್ರೂ ಬೆಚ್ಚಗಿರಲಿ. ಹರಸೋದು ಆಮೇಲೆ ಹರಸತ್ತೆ.”

ಅಂಗಳದಲ್ಲಿ ಯಾರೂ ನಗಲಿಲ್ಲ. ನಾನು ಅತ್ತಿಗೆಯ ತೋಳು ಹಿಡಿದುಕೊಂಡಿದ್ದೆ. ಅದೇನು ಭಾಷೆ, ಅದೇನು ಓಟ! ಅರ್ಧಕ್ಕರ್ಧ ತಪ್ಪಿತ್ತು, ಒಂದು ಅಕ್ಷರ ಅರ್ಥವಾಗದೆ ಉಳಿಯಲಿಲ್ಲ. ಟೀಚರಮ್ಮನಿಗೆ ತಾವು ಮಾತಾಡಿದ್ದು ಇನ್ನೂ ಗೊತ್ತಾಗಿರಲಿಲ್ಲ, ಚಾಯೋ ಮತ್ತೆ ಕೈಹಾಕುತ್ತಾಳೇನೋ ಎಂದು ಅವಳ ಕೈಯನ್ನೇ ಕಾಯುತ್ತಿದ್ದರು.

ಚಾಯೋ ಕೈಹಾಕಲಿಲ್ಲ. ಅವಳ ಮಗಳೂ ಆ ಕಡೆಯೇ, ಅಯೋವಾದಲ್ಲಿ. ಅಲ್ಲಿ ಹುಟ್ಟಿದ ಮೊಮ್ಮಗಳನ್ನು ಚಾಯೋ ಫೋನಿನಲ್ಲಿ ಬಿಟ್ಟು ಇನ್ನೆಲ್ಲೂ ನೋಡಿಲ್ಲ.

“ಅಯೋವಾದಲ್ಲೂ ಅಷ್ಟೇ ಚಳಿನಾ?” ಎಂದು ಕೇಳಿದಳು. ಅಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ನಾನು ಹುಟ್ಟಿದಾರಭ್ಯ ಕೇಳಿರಲಿಲ್ಲ.

“ನಮ್ಮ ಪಕ್ಕದ್ದೇ. ಅಷ್ಟೇ ಚಳಿ.”

“ನಮ್ಮ ಪುಟ್ಟಿಗೆ ಟೋಪಿ ಇದೆಯೋ ಇಲ್ವೋ, ನಾನು ಒಂದು ದಿನಾನೂ ಕೇಳ್ಲಿಲ್ಲ ಕೊಮಾದ್ರೆ.”

ಕೊಮಾದ್ರೆ ಎಂದರೆ ಒಂದೇ ಮಗುವಿಗೆ ಇಬ್ಬರು ತಾಯಂದಿರಾದವರು ಒಬ್ಬರನ್ನೊಬ್ಬರು ಕರೆಯುವ ಮಾತು. ಸುಮ್ಮನೆ ಯಾರಿಗೂ ಹೇಳುವುದಿಲ್ಲ, ಚಾಯೋ ಅಂತೂ ಹಿಂದಿನವರಿಗೆ ಹೇಳಿಯೇ ಇರಲಿಲ್ಲ. ಟೋಪಿಯ ಕಿವಿಯನ್ನು ಅವಳೇ ಎಳೆದು ಸರಿಮಾಡಿದಳು. ಫಾದರ್ ತೀರ್ಥದ ಪಾತ್ರೆ ಹಿಡಿದು ನಮ್ಮ ಮುಂದೆ ಬಂದವರು, ಆ ಉಣ್ಣೆಯ ಗಂಟನ್ನು ನೋಡಿ ಒಂದು ಕ್ಷಣ ನಿಂತರು. ಚಾಯೋಳ ಬಾಯಿ ಮೊದಲಿನ ಜಾಗಕ್ಕೆ ಬಂದಿತ್ತು. ಚಳಿ ಇದೆ ಫಾದರ್, ಟೋಪಿ ಮೇಲೇ ಚಿಮುಕಿಸಿ, ಕಿವಿಗೆ ಹೋಗದ ಹಾಗೆ ನೋಡ್ಕೊಳ್ಳಿ ಎಂದು ಗದರಿದಳು.

ಮಧ್ಯಾಹ್ನ ಚಾಯೋಳ ಮನೆಯಲ್ಲಿ ಮಗುವನ್ನು ಕೈಗೊಪ್ಪಿಸುವಾಗ ಆಡಬೇಕಿದ್ದ ನಾಲ್ಕು ಮಾತು ಟೀಚರಮ್ಮನಿಗೆ ಒಂದೂ ನೆನಪಿರಲಿಲ್ಲ. ತಗೊಳ್ಳಿ, ಜೋಪಾನ, ಬರೋ ವರ್ಷ ಬಂದು ನೋಡ್ತೀನಿ ಎಂದು ಕೊಟ್ಟುಬಿಟ್ಟರು. ಜೋಳದ ಸಿಪ್ಪೆ ಬಿಚ್ಚಿ ಬಿಸಿ ತಮಾಲೆ ತಿನ್ನಲು ಕೂತ ಮೇಲೆ ಅವರ ಬಾಯಿ ನಿಲ್ಲಲಿಲ್ಲ. ವೇನ್ ಪ್ರತಿ ಭಾನುವಾರ ಫೋನು ಮಾಡಿ ಹವಾಮಾನ ಬಿಟ್ಟು ಬೇರೇನೂ ಕೇಳುವುದಿಲ್ಲವೆಂದರು. ಮೊದಲ ವಾರ ಹೊಟ್ಟೆ ಬಿರಿದುಹೋಗುತ್ತಿತ್ತು, ಹೇಳಲು ಬಾಯಿ ಬರಲಿಲ್ಲ ಎಂದರು. ಅತ್ತಿಗೆ, ಇಷ್ಟು ದಿನ ಮಾತಾಡಿ ಮಾತಾಡಿ ಅಂತ ಬೇಡಿದೆ, ಈಗ ಉಣ್ಣಿ ಅಂದ್ರೆ ಕೇಳ್ತಿಲ್ಲವಲ್ಲ ಎಂದು ನಕ್ಕಳು.

ಆಮೇಲೆ ಟೀಚರಮ್ಮ ಕೈ ಒರೆಸಿಕೊಂಡು ತಮ್ಮ ಶಾಲೆಯ ಕಚೇರಿಗೆ ಫೋನು ಮಾಡಿ ಏನೋ ಕೇಳಿಕೊಂಡರು. ನಿಕೊಲಾಸಾಳ ನಂಬರು. ಅರ್ಥವಾಗದಿದ್ದರೆ ನೀವು ಜೊತೆಗಿರಬೇಕು ಎಂದು ಅತ್ತಿಗೆಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಸ್ಪೀಕರ್ ಹಾಕಿ, ಫೋನನ್ನು ತಮಾಲೆಯ ತಟ್ಟೆಗಳ ನಡುವೆ ಇಟ್ಟರು. ಚಾಯೋ ಕೂಡ ತಿನ್ನುವುದು ನಿಲ್ಲಿಸಿದಳು. ಆ ಕಡೆ ಒಂದು ದಣಿದ ದನಿ ಯಾರು ಎಂದಿತು.

“ನಾನು ನಿಮ್ಮ ಮಗಳು ಯಾರೆಲಿಯ ಶಾಲೆಯ ಸ್ಪ್ಯಾನಿಷ್ ಟೀಚರು. ನೀವು ಮೂರು ಸಲ ಬಂದಾಗ್ಲೂ ನಾನು ಒಳಗೇ ಇದ್ದೆ. ಹೆದರ್ಕೊಂಡು ಬಾಗಿಲು ಹಾಕ್ಕೊಂಡಿದ್ದೆ. ತಪ್ಪಾಯ್ತು. ಏನು ಕೇಳ್ಬೇಕಿತ್ತು, ಈಗ ಕೇಳಿ.”

“ಅಯ್ಯೋ, ಪರವಾಗಿಲ್ಲ ಟೀಚರಮ್ಮ” ಎಂದಿತು ಆ ದನಿ. “ದೊಡ್ಡ ವಿಷಯ ಏನಲ್ಲ. ನನ್ನ ಮಗಳು ಮಧ್ಯಾಹ್ನ ಯಾರ ಜೊತೆ ಕೂತು ಊಟ ಮಾಡ್ತಾಳೆ ಅಂತ ಕೇಳ್ಬೇಕಿತ್ತು. ಮನೇಲಿ ಕೇಳಿದ್ರೆ ಹೇಳಲ್ಲ.”

ಅತ್ತಿಗೆ ಅರ್ಥ ಹೇಳಲು ಬಾಯಿ ತೆರೆದಳು. ಟೀಚರಮ್ಮ ಕೈಯೆತ್ತಿ ಬೇಡವೆಂದರು. ಶಾಲೆಯ ಊಟದ ಕೋಣೆಯಲ್ಲಿ ಆ ಹುಡುಗಿಯನ್ನು ಅವರು ದಿನವೂ ನೋಡಿದ್ದರೆಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ಸಿಹಿಯಾಗಿ ಏನಾದರೂ ಹೇಳಿ ಮುಗಿಸಬಹುದಿತ್ತು, ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ.

“ಒಬ್ಬಳೇ ಕೂತ್ಕೋತಾಳೆ” ಎಂದರು. “ಭಾನುವಾರ ಊರಿಗೆ ಬರ್ತೀನಿ, ಸೋಮವಾರದಿಂದ ನನ್ನ ಜೊತೆ ಕೂತ್ಕೋತಾಳೆ. ಅವಳು ಬೇಡ ಅಂದ್ರೂ ಬಿಡಲ್ಲ.”

ಆ ಕಡೆ ಮೂಗು ಒರೆಸಿಕೊಳ್ಳುವ ಸದ್ದಾಯಿತು. ಆಮೇಲೆ ನಿಕೊಲಾಸಾ ಮಾತಾಡತೊಡಗಿದಳು, ಊರು, ಕಾರ್ಖಾನೆ, ಮಗಳು ಮೊದಲು ಎಷ್ಟು ಹಾಡುತ್ತಿದ್ದಳು, ಒಂದರ ಹಿಂದೆ ಒಂದು, ತಡೆಯಿಲ್ಲದೆ, ನಮ್ಮ ಚಾಯೋಳಷ್ಟೇ ವೇಗವಾಗಿ. ಟೀಚರಮ್ಮ ಫೋನು ಎತ್ತಿಕೊಂಡು ಸ್ಪೀಕರ್ ಆರಿಸಿದರು. ಹೂಂ, ಹೇಳಿ ಎನ್ನುತ್ತ ಅದನ್ನು ಕಿವಿಗಿಟ್ಟುಕೊಂಡು, ನಮ್ಮನ್ನು ಅಲ್ಲೇ ಬಿಟ್ಟು ಅಂಗಳಕ್ಕೆ ನಡೆದರು.